ಮಳೆಗಾಲದ ಶಾಲೆ, ನಾಲ್ಕು ಕಂಪ್ಯೂಟರ್, ಒಂದು ಮಳೆ ಪುಸ್ತಕ

ಜುಲೈ ತಿಂಗಳಲ್ಲಿ ನಮ್ಮ ಶಾಲೆಯಲ್ಲಿ ಧ್ವನಿ ಇರುವ ವಿಡಿಯೊ ತೋರಿಸಲು ಆಗುವುದಿಲ್ಲ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯತೊಡಗಿದರೆ ಸ್ಪೀಕರಿನ ಸದ್ದು ಎರಡನೇ ಬೆಂಚನ್ನು ದಾಟುವುದಿಲ್ಲ. ನನ್ನ ಗಂಟಲು ಮೂರನೆಯ ಬೆಂಚಿನವರೆಗೆ ಹೋಗುತ್ತದೆ, ಅಷ್ಟೆ. ಹೊಸನಗರ ತಾಲ್ಲೂಕಿನಲ್ಲಿ, ನಗರದಿಂದ ಹುಲಿಕಲ್ ಘಾಟಿಯ ಕಡೆ ಹೋಗುವ ರಸ್ತೆಯಿಂದ ಒಳಕ್ಕೆ ಇರುವ ಸರ್ಕಾರಿ ಪ್ರೌಢಶಾಲೆ ನಮ್ಮದು. ಇಲ್ಲಿ ಹದಿನಾರು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ.

ಹೋದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದ್ದಳು. ಶಿಕಾರಿಪುರದ ಕಡೆ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದ್ದಾಳೆ. "ಮೇಡಂ, ನಮ್ಮ ಶಾಲೆಗೆ ಕಂಪ್ಯೂಟರ್ ಬರುತ್ತಿವೆ. ಪಾಠದಲ್ಲಿ ಹೇಗೆ ಬಳಸಲಿ? ನೀವು ಏನು ಮಾಡುತ್ತೀರಿ?" ಎಂದು ಕೇಳಿದಳು. ಹೇಳಲು ಶುರುಮಾಡಿದೆ, ಐದು ನಿಮಿಷಕ್ಕೆ ಲೈನು ಕಡಿಯಿತು, ಮತ್ತೆ ಸಿಗಲಿಲ್ಲ. ಬಾಯಿಗೆ ಬಂದಿದ್ದ ಮಾತು ಹಾಗೇ ಉಳಿದುಹೋಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳಿಗಾಗಿ ಬರೆಯುತ್ತಿದ್ದರೂ ಅವಳ ಹಾಗೆಯೇ ಕೇಳುವವರು ಇನ್ನೂ ಇದ್ದಾರು.

ಮೊದಲು ಯಂತ್ರಗಳನ್ನು ಬದುಕಿಸಿಕೊಳ್ಳುವ ವಿಚಾರ. ನಾನು ಈ ಶಾಲೆಗೆ ಬಂದಾಗ ಕಂಪ್ಯೂಟರ್‌ಗಳಿಗೆಂದೇ ಒಂದು ಕೊಠಡಿ ಇತ್ತು, ಅದಕ್ಕೆ ಬೀಗ ಇತ್ತು, ಚಪ್ಪಲಿ ಹೊರಗೆ ಬಿಡಬೇಕಿತ್ತು. ಹತ್ತು ಯಂತ್ರಗಳಿಗೂ ಹೊಲಿಸಿದ ಮುಸುಕು ಇತ್ತು. ಮಕ್ಕಳು ಬಾಗಿಲಲ್ಲಿ ನಿಂತು ದೇವರ ಕೋಣೆಯನ್ನು ಇಣುಕುವ ಹಾಗೆ ಇಣುಕುತ್ತಿದ್ದರು. ಆ ವರ್ಷ ಮಳೆ ಜೋರು. ಜೂನ್‌ನಲ್ಲಿ ಹಾಕಿದ ಬೀಗವನ್ನು ದಸರಾ ರಜೆ ಮುಗಿಸಿಕೊಂಡು ಬಂದು ತೆಗೆದರೆ ಹತ್ತರಲ್ಲಿ ಆರು ಯಂತ್ರ ಏಳಲೇ ಇಲ್ಲ. ಒಂದರ ಬದಿಯ ತಗಡು ಬಿಚ್ಚಿ ನೋಡಿದೆವು. ಒಳಗೆ ಇರುವೆಯ ಗೂಡು, ಅಕ್ಕಿನುಚ್ಚಿನಂತೆ ಬಿಳಿ ಮೊಟ್ಟೆಗಳು, ತಂತಿ ಸೇರುವ ಜಾಗದಲ್ಲೆಲ್ಲ ಹಸಿರು ಕಿಲುಬು. ಮುಸುಕಿನ ಬಟ್ಟೆಯೇ ತೇವವನ್ನು ಹಿಡಿದಿಟ್ಟಿತ್ತು. ನನಗೆ ಅಳು ಬಂದಿತ್ತು. ಒಂದು ಮಗುವೂ ಮುಟ್ಟದೆ ಕೆಟ್ಟುಹೋದ ಯಂತ್ರಗಳು ಅವು.

ಅಂದಿನಿಂದ ಬೀಗ ತೆಗೆಸಿದ್ದೇನೆ. ಮಲೆನಾಡಿನಲ್ಲಿ ಕಂಪ್ಯೂಟರನ್ನು ಕಾಪಾಡುವ ದಾರಿ ಎಂದರೆ ಅದನ್ನು ಬಳಸುವುದೇ. ಓಡುತ್ತಿರುವ ಯಂತ್ರ ತನ್ನ ಬಿಸಿಯಿಂದ ತನ್ನನ್ನು ಒಣಗಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಪಾಠ ಇರಲಿ ಇಲ್ಲದಿರಲಿ, ದಿನಕ್ಕೆ ಅರ್ಧ ಗಂಟೆಯಾದರೂ ಪ್ರತಿಯೊಂದನ್ನೂ ಹಚ್ಚಿಡುತ್ತೇವೆ. ಪ್ರೊಜೆಕ್ಟರ್ ಇರುವ ಕಬ್ಬಿಣದ ಕಪಾಟಿನೊಳಗೆ ನಲವತ್ತು ವ್ಯಾಟಿನ ಹಳೆಯ ಮಾದರಿಯ ಬಲ್ಬೊಂದನ್ನು ಉರಿಸುತ್ತೇವೆ. ಇಲ್ಲವಾದರೆ ಮಸೂರಕ್ಕೆ ಬೂಷ್ಟು ಹಿಡಿದು ಗೋಡೆಯ ಮೇಲಿನ ಚಿತ್ರದಲ್ಲಿ ಜೇಡರ ಬಲೆ ಕಾಣಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಬೇಕು, ಸ್ವಿಚ್ ಆರಿಸಿದರೆ ಸಾಲದು. ಇದನ್ನೆಲ್ಲ ಯಾವ ತರಬೇತಿಯಲ್ಲೂ ನನಗೆ ಹೇಳಿರಲಿಲ್ಲ.

ವಿದ್ಯುತ್ತಿನ ಮಾತು ಬಂದಾಗ ನನಗೆ ಈಗಲೂ ನೋವಾಗುತ್ತದೆ. ನಮ್ಮ ತರಗತಿಯ ಹಲವು ಮಕ್ಕಳ ಅಜ್ಜ ಅಜ್ಜಿಯಂದಿರು ಶರಾವತಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬಂದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಗದ್ದೆ, ತೋಟ, ದೇವಸ್ಥಾನ ಎಲ್ಲವನ್ನೂ ಕಳೆದುಕೊಂಡವರು. ಆ ನೀರು ನಾಡಿಗೆಲ್ಲ ಬೆಳಕು ಕೊಟ್ಟಿತು. ಅವರ ಮೊಮ್ಮಕ್ಕಳ ತರಗತಿಯಲ್ಲಿ ಮರ ಬಿದ್ದು ತಂತಿ ಹರಿದರೆ ಮೂರು ದಿನ ಕತ್ತಲೆ. ಹಾಗಾಗಿ ನನ್ನ ಪಾಠವನ್ನು ಕರೆಂಟು ಹೋದರೂ ನಿಲ್ಲದ ಹಾಗೆ ಕಟ್ಟಿಕೊಳ್ಳುತ್ತೇನೆ. ಕಂಪ್ಯೂಟರಿನ ಪಾಲು ಹದಿನೈದು ನಿಮಿಷ. ಆ ಹದಿನೈದು ನಿಮಿಷವನ್ನು ಇವತ್ತು ಕೊಟ್ಟರೂ ಆಯಿತು, ನಾಳೆ ಕೊಟ್ಟರೂ ಆಯಿತು.

ಅಂತರ್ಜಾಲದ ಗೊಡವೆಗೂ ಹೋಗುವುದಿಲ್ಲ. ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರ ಮಳೆಗಾಲದಲ್ಲಿ ನಮ್ಮ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಕೊಡೆಯ ಕೆಳಗೆ ಕುಳಿತು, ಕಾಲಿಗೆ ಹತ್ತಿದ ಇಂಬಳ ಕಿತ್ತುಕೊಳ್ಳುತ್ತಾ ಪಾಠ ಕೇಳಿದ್ದನ್ನು ಕಂಡವಳು ನಾನು. ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬರತೊಡಗಿದ ಮೇಲೆ ಟಿವಿ ಇದ್ದ ಮನೆಯ ಜಗಲಿಯಲ್ಲಿ ಐದಾರು ಮಕ್ಕಳು ಸೇರುತ್ತಿದ್ದರು. ಮತ್ತೆ ಅಂಥ ಕಷ್ಟಕ್ಕೆ ಅವರನ್ನು ದೂಡಲು ನನಗೆ ಮನಸ್ಸಿಲ್ಲ. ಬೇಕಾದದ್ದನ್ನು ಹೊಸನಗರ ಪೇಟೆಗೆ ಹೋದಾಗ ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬರುತ್ತೇನೆ. ರೇಖಾಗಣಿತದ ಚಿತ್ರ ಬರೆಯುವ ಜಿಯೋಜಿಬ್ರಾ, ಬರಹಕ್ಕೂ ಲೆಕ್ಕಕ್ಕೂ ಆಗುವ ಲಿಬ್ರೆ ಆಫೀಸ್, ಪರದೆಯ ಮೇಲೆ ಮಾಡುವಂಥ, ಕೊಲರಾಡೋ ವಿಶ್ವವಿದ್ಯಾಲಯದವರ ಫೆಟ್ ಪ್ರಯೋಗಗಳು ಎಲ್ಲವೂ ಉಚಿತ. ಒಮ್ಮೆ ಇಳಿಸಿಕೊಂಡರೆ ಮತ್ತೆ ನೆಟ್‌ವರ್ಕ್ ಬೇಡ. ಫೆಟ್‌ನ ಹಲವು ಪ್ರಯೋಗಗಳು ಕನ್ನಡದಲ್ಲಿಯೂ ಇವೆ. ನಮ್ಮ ವಿಜ್ಞಾನದ ಮೇಷ್ಟ್ರು ಮೊದಲು ನಿಜವಾದ ಟಾರ್ಚ್ ಬಲ್ಬು, ನಿಜವಾದ ಸೆಲ್ಲು, ತಂತಿ ಕೊಟ್ಟು ಮಕ್ಕಳಿಂದ ವಿದ್ಯುತ್ ಮಂಡಲ ಮಾಡಿಸುತ್ತಾರೆ. ಆಮೇಲೆ ಪರದೆಯ ಮೇಲೆ ಸೆಲ್ಲಿನ ಎರಡು ತುದಿಗಳನ್ನು ನೇರವಾಗಿ ಕೂಡಿಸಲು ಹೇಳುತ್ತಾರೆ. ಪರದೆಯಲ್ಲಿ ಬೆಂಕಿ ಏಳುತ್ತದೆ. ಕೈಯಲ್ಲಿ ಮಾಡಬಾರದ್ದನ್ನು ಅಲ್ಲಿ ಮಾಡಿ ನೋಡಬಹುದು. ಆ ಕ್ರಮ ನನಗೆ ಬಹಳ ಹಿಡಿಸಿದೆ.

ಈಗ ಪಾಠದ ವಿಚಾರಕ್ಕೆ ಬರುತ್ತೇನೆ. ಮೊದಲ ಎರಡು ವರ್ಷ ನಾನು ತಪ್ಪು ದಾರಿಯಲ್ಲಿದ್ದೆ. ಒಂದು ಬೇಸಿಗೆ ಕಳೆದು ತ್ರಿಭುಜಗಳ ಬಗ್ಗೆ ನಲವತ್ತು ನಿಮಿಷದ ಒಂದು ವಿಡಿಯೊ ಪಾಠ ತೋರಿಸಿದೆ. ಬಣ್ಣ, ಸಂಗೀತ, ಚಲಿಸುವ ಚಿತ್ರ ಎಲ್ಲ ಇತ್ತು. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಆ ಮೌನವನ್ನು ನಾನು ಕಲಿಕೆ ಎಂದುಕೊಂಡೆ. ಮರುದಿನ ಕೇಳಿದರೆ ಹಿನ್ನೆಲೆಯಲ್ಲಿ ಹಾರಿದ ಗಿಳಿ ಎಲ್ಲರಿಗೂ ನೆನಪಿತ್ತು. ಬಾಹ್ಯಕೋನ ಯಾವುದು ಎಂದು ತೋರಿಸಿದವರು ನಾಲ್ಕು ಜನ, ಅವರು ವಿಡಿಯೊ ಇಲ್ಲದಿದ್ದರೂ ತೋರಿಸುವವರೇ. ಪರದೆ ಎಲ್ಲವನ್ನೂ ತಾನೇ ಮಾಡಿಬಿಟ್ಟಿತ್ತು, ಮಕ್ಕಳಿಗೆ ಮಾಡಲು ಏನನ್ನೂ ಉಳಿಸಿರಲಿಲ್ಲ.

ಆಮೇಲೆ ನಿಧಾನವಾಗಿ ಒಂದು ಕಟ್ಟುಪಾಡಿಗೆ ಬಂದೆ. ಕಂಪ್ಯೂಟರ್ ಉತ್ತರ ತೋರಿಸುವ ಮೊದಲು ಪ್ರತಿ ಮಗುವಿನ ಪುಸ್ತಕದಲ್ಲಿ ಅದರದೇ ಉತ್ತರ ಇರಬೇಕು. ಸರಿಯೋ ತಪ್ಪೋ, ಪೆನ್ಸಿಲಿನಲ್ಲಿ ಬರೆದಿರಬೇಕು, ಅಳಿಸುವಂತಿಲ್ಲ. ತನ್ನ ಉತ್ತರ ಪಣಕ್ಕಿಟ್ಟ ಮಗು ಪರದೆಯನ್ನು ನೋಡುವ ಕಣ್ಣೇ ಬೇರೆ.

ಒಂಬತ್ತನೇ ತರಗತಿಯ ವೃತ್ತದ ಪಾಠವನ್ನೇ ತೆಗೆದುಕೊಳ್ಳಿ. ಎಲ್ಲರೂ ಐದು ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆದು ಅದರಲ್ಲಿ ಏಳು ಸೆಂಟಿಮೀಟರ್ ಜ್ಯಾ, ಅಂದರೆ ವೃತ್ತದ ಮೇಲಿನ ಎರಡು ಬಿಂದುಗಳನ್ನು ಕೂಡಿಸುವ ಗೆರೆ, ಹಾಕಬೇಕು. ಜ್ಯಾ ತುಂಡರಿಸಿದ ವೃತ್ತದ ದೊಡ್ಡ ಭಾಗದ, ಅಂದರೆ ದೊಡ್ಡ ಕಂಸದ, ಮೇಲೆ ತಮಗಿಷ್ಟ ಬಂದ ಕಡೆ ಒಂದು ಬಿಂದು ಇಟ್ಟು, ಅಲ್ಲಿಂದ ಜ್ಯಾದ ಎರಡು ತುದಿಗೆ ಗೆರೆ ಎಳೆದು ಕೋನ ಅಳೆಯಬೇಕು. ಮೂವತ್ತೆಂಟು ಮಕ್ಕಳು, ಮೂವತ್ತೆಂಟು ಬಿಂದು. ಒಬ್ಬೊಬ್ಬರೂ ಬಂದು ಕಪ್ಪುಹಲಗೆಯ ಮೇಲೆ ತಮ್ಮ ಕೋನ ಬರೆಯುತ್ತಾರೆ: 44, 45, 43, 44, 46, 52. ಐವತ್ತೆರಡು ಬರೆದ ಹುಡುಗನ ಮುಖ ಬಾಡುತ್ತದೆ. ಅವನು ಕೋನಮಾಪಕದ ಗೆರೆ ತಪ್ಪು ಓದಿದ್ದಾನೋ, ಅವನ ಬಿಂದುವೇ ಬೇರೆ ರೀತಿಯದೋ? ತರಗತಿಯಲ್ಲಿ ಆಗ ಎದ್ದ ಗದ್ದಲವನ್ನು ನಾನು ತಡೆಯುವುದಿಲ್ಲ. ಅದೇ ಹೊತ್ತಿಗೆ ಪ್ರೊಜೆಕ್ಟರ್ ಹಚ್ಚುತ್ತೇನೆ.

ಜಿಯೋಜಿಬ್ರಾದಲ್ಲಿ ಅದೇ ವೃತ್ತ, ಅದೇ ಜ್ಯಾ. ಬಿಂದುವನ್ನು ಹಿಡಿದು ಕಂಸದ ಮೇಲೆ ಎಳೆದರೆ ಗೆರೆಗಳು ಓಡಾಡುತ್ತವೆ, ಕೋನ ಮಾತ್ರ 44.43ರಲ್ಲಿ ನಿಂತೇ ಇರುತ್ತದೆ. ಐವತ್ತೆರಡರ ಹುಡುಗ ತನ್ನ ಪುಸ್ತಕ ತಿರುಗಿಸಿ ಮತ್ತೆ ಅಳೆಯುತ್ತಾನೆ. ಒಂದು ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿಬಿಟ್ಟವನೇ ಅಲ್ಲ, "ಮೇಡಂ, ಅದನ್ನು ಜ್ಯಾ ದಾಟಿಸಿ ಈಚೆ ಕಡೆಗೆ ಎಳೆದರೆ?" ಎಂದ. ನಾನು ಎಳೆಯಲಿಲ್ಲ. "ಏನಾಗುತ್ತದೆ? ಮೊದಲು ಎಲ್ಲರೂ ಬರೆಯಿರಿ" ಎಂದೆ. ಹೆಚ್ಚಿನವರು ಅದೇ 44 ಬರೆದರು. ಕೆಲವರು ಸೊನ್ನೆ ಬರೆದರು. ಎಳೆದಾಗ 135.57 ಬಂತು. ಒಂದು ಕ್ಷಣ ಮಾಡಿನ ಮೇಲಿನ ಮಳೆ ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ಯಾರೋ ಎರಡನ್ನೂ ಕೂಡಿದರು, "ನೂರ ಎಂಬತ್ತು!" ಎಂದು ಕೂಗಿದರು. ನಾಲ್ಕು ಮೂಲೆಯೂ ವೃತ್ತದ ಮೇಲಿದ್ದು ಎದುರುಕೋನಗಳು ಕೂಡಿ 180 ಆಗುವ ಚಕ್ರೀಯ ಚತುರ್ಭುಜದ ಪಾಠಕ್ಕೆ ನಾನಿನ್ನೂ ಬಂದೇ ಇರಲಿಲ್ಲ, ಆ ಹುಡುಗ ತರಗತಿಯನ್ನೇ ಅದರ ಬಾಗಿಲಿಗೆ ತಂದು ನಿಲ್ಲಿಸಿದ್ದ. ಅವನು ಈಗ ತೀರ್ಥಹಳ್ಳಿಯಲ್ಲಿ ಸ್ವಂತ ವರ್ಕ್‌ಶಾಪ್ ನಡೆಸುತ್ತಿದ್ದಾನೆ. ಸಿಕ್ಕಾಗಲೆಲ್ಲ ಆ ದಿನದ ಮಾತು ಎತ್ತುತ್ತಾನೆ.

ಆದರೆ ಬಿಂದುವನ್ನು ಸಾವಿರ ಸಲ ಎಳೆದು ನೋಡಿದರೂ ಅದು ಗಣಿತದ ಸಾಧನೆ, ಅಂದರೆ ರುಜುವಾತು, ಆಗುವುದಿಲ್ಲ. ಯಾಕೆ ಕೋನ ಬದಲಾಗಲಿಲ್ಲ ಎಂಬುದನ್ನು ಪರದೆ ಹೇಳುವುದಿಲ್ಲ. ಪ್ರೊಜೆಕ್ಟರ್ ಆರಿಸಿ, ಸೀಮೆಸುಣ್ಣ ಹಿಡಿದು, ಕೇಂದ್ರಕ್ಕೆ ಗೆರೆ ಎಳೆದು, ತ್ರಿಜ್ಯಗಳು ಸಮವಾದ್ದರಿಂದ ಹುಟ್ಟುವ ಸಮದ್ವಿಬಾಹು ತ್ರಿಭುಜಗಳನ್ನು ತೋರಿಸಿ ಸಾಧಿಸಬೇಕು. ಪರದೆ ಆ ಸಾಧನೆಯ ಹಸಿವನ್ನು ಹುಟ್ಟಿಸಿರುತ್ತದೆ. ಮೊದಲು "ಇದನ್ನು ಯಾಕೆ ಸಾಧಿಸಬೇಕು ಮೇಡಂ?" ಎನ್ನುತ್ತಿದ್ದ ಮಕ್ಕಳು ಈಗ "ಯಾಕೆ ಹಾಗಾಗುತ್ತದೆ ಮೇಡಂ?" ಎನ್ನುತ್ತಾರೆ. ನನಗೆ ಅಷ್ಟು ಸಾಕು.

ಎಂಟನೇ ತರಗತಿಯವರಿಗೆ ಆಮೆಯ ಆಟ ಮಾಡಿಸುತ್ತೇನೆ. ಮಕ್ಕಳಿಗಾಗಿಯೇ ಲೋಗೋ ಎಂಬ ಕಂಪ್ಯೂಟರ್ ಭಾಷೆಯನ್ನು 1967ರಲ್ಲಿ ಅಮೆರಿಕದಲ್ಲಿ ಸೆಮೋರ್ ಪೇಪರ್ಟ್ ಮತ್ತು ಸಂಗಡಿಗರು ರೂಪಿಸಿದರು. ಪರದೆಯ ಮೇಲಿನ ಆಮೆಗೆ ಇಷ್ಟು ಮುಂದೆ ಹೋಗು, ಇಷ್ಟು ತಿರುಗು ಎಂದು ಅಪ್ಪಣೆ ಕೊಟ್ಟರೆ ಅದು ಗೆರೆ ಎಳೆಯುತ್ತಾ ಹೋಗುತ್ತದೆ. ನಮ್ಮಲ್ಲಿ ಅದರದೇ ಬಳಗದ ಕೆಟರ್ಟಲ್ ಇದೆ. ಯಂತ್ರಕ್ಕೆ ಹೋಗುವ ಮೊದಲು ಹೊರಗೆ ಮಳೆ ಬಿಟ್ಟಾಗ ಅಂಗಳದಲ್ಲಿ ಒಂದು ಮಗು ಆಮೆಯಾಗುತ್ತದೆ, ಉಳಿದವರು ಅಪ್ಪಣೆ ಕೊಡುತ್ತಾರೆ. ಸಮಬಾಹು ತ್ರಿಭುಜ ನಡೆಸಿ ಎಂದರೆ ಎಲ್ಲರೂ "ಹತ್ತು ಹೆಜ್ಜೆ, ಅರವತ್ತು ಡಿಗ್ರಿ ತಿರುಗು" ಎನ್ನುತ್ತಾರೆ. ಆಮೆ ಮೂರು ಸಲ ನಡೆದು ಹೊರಟ ಜಾಗಕ್ಕೆ ಬಾರದೆ ಎಲ್ಲೋ ಬಾವಿಕಟ್ಟೆಯ ಹತ್ತಿರ ನಿಂತಿರುತ್ತದೆ. ಅರ್ಧ ಷಡ್ಭುಜವಾಗಿರುತ್ತದೆ. ತಿರುಗಬೇಕಾದದ್ದು ಒಳಕೋನದಷ್ಟಲ್ಲ, ಹೊರಕೋನದಷ್ಟು, ನೂರ ಇಪ್ಪತ್ತು ಎಂಬುದು ಆಮೆಯಾದ ಮಗುವಿನ ಕಾಲಿಗೇ ಮೊದಲು ಗೊತ್ತಾಗುತ್ತದೆ. ಗಿಳಿ ಹಾರಿದ ವಿಡಿಯೊದಲ್ಲಿ ಕಲಿಸಲಾಗದ ಬಾಹ್ಯಕೋನ ಇದೇ.

ನಾಲ್ಕು ಯಂತ್ರಕ್ಕೆ ಮೂವತ್ತೆಂಟು ಮಕ್ಕಳು ಎಂದಾಗ ಇನ್ನೊಂದು ತೊಡಕಿದೆ. ಬಿಟ್ಟರೆ ಮೌಸು ಗಂಡುಮಕ್ಕಳ ಕೈಗೆ ಹೋಗುತ್ತದೆ, ಹೆಣ್ಣುಮಕ್ಕಳು ಹಿಂದೆ ನಿಂತು ನೋಡುತ್ತಾರೆ. ಅದನ್ನು ನಾನು ಸಹಿಸುವುದಿಲ್ಲ. ನಮ್ಮಲ್ಲಿ ಕೈ ಒಬ್ಬರದು, ಮಾತು ಇನ್ನೊಬ್ಬರದು. ಮೌಸು ಹಿಡಿದವರು ತಮ್ಮ ಬುದ್ಧಿ ಓಡಿಸುವಂತಿಲ್ಲ, ಪಕ್ಕದವರು ಹೇಳಿದ್ದನ್ನಷ್ಟೇ ಮಾಡಬೇಕು. ಹೇಳುವವರು ಯಂತ್ರ ಮುಟ್ಟುವಂತಿಲ್ಲ. ಹತ್ತು ನಿಮಿಷಕ್ಕೆ ಗಂಟೆ ಹೊಡೆದರೆ ಅದಲುಬದಲು. ಮಿಕ್ಕ ಮಕ್ಕಳು ಅಷ್ಟರಲ್ಲಿ ಅದೇ ಲೆಕ್ಕವನ್ನು ಪುಸ್ತಕದಲ್ಲಿ ಮಾಡುತ್ತಿರುತ್ತಾರೆ. ಗಣಿತವನ್ನು ಬಾಯಿಬಿಟ್ಟು ಹೇಳಲೇಬೇಕಾಗಿ ಬಂದದ್ದರಿಂದ ನಮ್ಮ ಹೆಣ್ಣುಮಕ್ಕಳ ಮಾತಿನ ಧೈರ್ಯ ಎಷ್ಟು ಬೆಳೆಯಿತು ಎಂದು ಅವರ ತಾಯಂದಿರೇ ಬಂದು ಹೇಳಿದ್ದಾರೆ.

ಯಂತ್ರ ಹಂಚಿದರೆ ಕಲಿಕೆ ತಾನಾಗಿ ಆಗುತ್ತದೆ ಎಂದು ನಂಬಿದವರು ಪೆರು ದೇಶದ ಅನುಭವವನ್ನು ನೋಡಬೇಕು. ಅಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನು ಹಳ್ಳಿಗಾಡಿನ 319 ಶಾಲೆಗಳಲ್ಲಿ ಅಳೆದು ನೋಡಿದರು. ಯಂತ್ರಗಳು ಮಕ್ಕಳ ಕೈ ಸೇರಿದ್ದವು, ಆದರೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅಂಕಗಳು ಮೇಲೇರಲಿಲ್ಲ ಎಂದು 2012ರಲ್ಲಿ ವರದಿ ಬಂತು. ಅದೇ, 2019ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದರಲ್ಲಿ ದಿನದ ಶಾಲೆ ಮುಗಿದ ಮೇಲೆ ಮಕ್ಕಳು ಕೇಂದ್ರವೊಂದಕ್ಕೆ ಬಂದು, ಅರ್ಧ ಹೊತ್ತು ಕಂಪ್ಯೂಟರಿನಲ್ಲಿ ತಮ್ಮ ತಮ್ಮ ಮಟ್ಟದ ಲೆಕ್ಕ ಮಾಡಿ, ಉಳಿದರ್ಧ ಹೊತ್ತು ಸಣ್ಣ ಗುಂಪಿನಲ್ಲಿ ಬೋಧಕರ ಜೊತೆ ಕುಳಿತಾಗ ನಾಲ್ಕೂವರೆ ತಿಂಗಳಲ್ಲಿ ಗಣಿತ ಚೆನ್ನಾಗಿ ಸುಧಾರಿಸಿತ್ತು. ಎಂಟನೆಯಲ್ಲಿ ಕುಳಿತು ಐದನೆಯ ಭಾಗಾಕಾರ ಬಾರದ ಮಗುವಿಗೆ ಎಂಟನೆಯ ವಿಡಿಯೊವನ್ನು ಎಷ್ಟು ಸಲ ತೋರಿಸಿದರೇನು? ಅದಕ್ಕೆ ಐದನೆಯ ಲೆಕ್ಕವೇ ಬೇಕು. ಅದನ್ನು ನಾಚಿಕೆಯಾಗದ ಹಾಗೆ, ಒಬ್ಬರಿಗೇ, ಮತ್ತೆ ಮತ್ತೆ ಕೊಡಲು ಯಂತ್ರಕ್ಕೆ ಬೇಸರವಿಲ್ಲ. ಇಂಥ ಮಕ್ಕಳಿಗೆ ಸಂಜೆ ಬಸ್ಸು ಬರುವವರೆಗಿನ ಮುಕ್ಕಾಲು ಗಂಟೆ ಎರಡು ಯಂತ್ರ ಮೀಸಲಿಟ್ಟಿದ್ದೇನೆ.

ಇನ್ನು ಮಳೆ ಪುಸ್ತಕ. ಇದನ್ನು ಹೇಳಲೆಂದೇ ಬರೆಯಲು ಕುಳಿತೆ ಎಂದರೂ ಸರಿಯೇ.

ಸಂಖ್ಯಾಶಾಸ್ತ್ರದ ಪಾಠಕ್ಕೆ ಪುಸ್ತಕದಲ್ಲಿರುವ ಕಾರ್ಖಾನೆಯ ಕೂಲಿ, ಕ್ರಿಕೆಟ್ ರನ್ನುಗಳ ಪಟ್ಟಿ ನಮ್ಮ ಮಕ್ಕಳಿಗೆ ಹತ್ತುತ್ತಿರಲಿಲ್ಲ. ನಮ್ಮ ಊರಿನಲ್ಲಿ ಎಲ್ಲರೂ ದಿನಾ ಮಾತನಾಡುವ ಸಂಖ್ಯೆ ಒಂದೇ: ನಿನ್ನೆ ಎಷ್ಟು ಮಳೆ? ಹಾಗಾಗಿ ಶಾಲೆಯ ಹಿಂದಿನ ಬಯಲಿನಲ್ಲಿ ನೇರ ಗೋಡೆಯ ಉದ್ದನೆಯ ಡಬ್ಬಿಯೊಂದನ್ನು ನಿಲ್ಲಿಸಿದೆವು. ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅಳತೆ. ಭಾನುವಾರಗಳನ್ನು ಪಕ್ಕದ ಮನೆಯ ಹುಡುಗಿ ವಹಿಸಿಕೊಂಡಳು. ಅಳೆದದ್ದನ್ನು ಲಿಬ್ರೆ ಆಫೀಸಿನ ಲೆಕ್ಕದ ಹಾಳೆಯಾದ ಕ್ಯಾಲ್ಕ್‌ನಲ್ಲಿ ತುಂಬುತ್ತಾ ಹೋದೆವು. ಅದರ ಒಂದೊಂದು ಚೌಕವನ್ನು ಮಕ್ಕಳು ಮನೆ ಎನ್ನುತ್ತಾರೆ, ಚೌಕಾಬಾರದ ಮನೆಯ ಹಾಗೆ. ನಾನೂ ಹಾಗೆಯೇ ಅನ್ನತೊಡಗಿದ್ದೇನೆ.

ಒಂದು ವಾರದ ಲೆಕ್ಕ ಹೀಗಿತ್ತು, ಮಿಲಿಮೀಟರ್‌ಗಳಲ್ಲಿ: 31, 44, 52, 38, 212, 47, 41. ಸರಾಸರಿ 66.4. ಮಕ್ಕಳು ಒಪ್ಪಲಿಲ್ಲ. "ಆರು ದಿನ ಒಮ್ಮೆಯೂ 66 ಮುಟ್ಟಿಲ್ಲ, ಸರಾಸರಿ ಹೇಗೆ ಅಷ್ಟಾಗುತ್ತದೆ?" ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ಬರುವ ಸಂಖ್ಯೆ, 44. ಅದನ್ನು ನಮ್ಮ ವಾರ ಎಂದು ಒಪ್ಪಿಕೊಂಡರು. ಆಗ 212 ಇದ್ದ ಮನೆಯಲ್ಲಿ 21 ಎಂದು ಬರೆದು ಒತ್ತಿದೆ, ಒತ್ತುವ ಮೊದಲು ಊಹೆ ಬರೆಸಿದೆ. ಸರಾಸರಿ 39.1ಕ್ಕೆ ಧೊಪ್ಪನೆ ಬಿತ್ತು, ಮಧ್ಯಾಂಕ 41ಕ್ಕೆ ಮಾತ್ರ ಸರಿಯಿತು. ಒಂದು ದಿನ ಸರಾಸರಿಯನ್ನು ಎಷ್ಟು ಜಗ್ಗುತ್ತದೆ ಎಂಬುದನ್ನು ಹಲಗೆಯ ಮೇಲೆ ತೋರಿಸಲು ನನಗೆ ಅರ್ಧ ಅವಧಿ ಬೇಕಿತ್ತು, ಇಲ್ಲಿ ಒಂದು ಒತ್ತು. ಅದೇ ಹುರುಪಿನಲ್ಲಿ ಆಗುಂಬೆಯ 1946ರ ಆಗಸ್ಟ್ ತಿಂಗಳ ಮಳೆಯನ್ನು ಕೊಟ್ಟೆ: 4,508 ಮಿಲಿಮೀಟರ್. ದಿನಕ್ಕೆ 145ರ ಸರಾಸರಿ. ಒಬ್ಬ ಹುಡುಗ ಟೇಪು ಹಿಡಿದು ಹೋಗಿ ಶಾಲೆಯ ಗೋಡೆಯನ್ನು ಅಳೆದು ಬಂದು, "ಆ ಒಂದು ತಿಂಗಳ ಮಳೆ ಹರಿಯದೆ ನಿಂತಿದ್ದರೆ ನಮ್ಮ ಗೋಡೆ ಮುಳುಗುತ್ತಿತ್ತು" ಎಂದ.

ಮಕ್ಕಳ ಮನೆಯಲ್ಲಿ ಮಳೆಯನ್ನು ಯಾರೂ ಜೂನ್, ಜುಲೈ ಎಂದು ಎಣಿಸುವುದಿಲ್ಲ. ಆರ್ದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ ಎಂದೇ ಲೆಕ್ಕ. 365 ದಿನವನ್ನು 27 ನಕ್ಷತ್ರಕ್ಕೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ನಮ್ಮ ಹಾಳೆಯನ್ನು ಹಾಗೆಯೇ ವಿಂಗಡಿಸೋಣ ಎಂದಳು ಒಬ್ಬ ಹುಡುಗಿ. ಅವಳ ಅಜ್ಜಿ ಆರ್ದ್ರಾ ಮಳೆ ಆರದೆ ಹೊಯ್ಯುತ್ತದೆ ಎನ್ನುತ್ತಿದ್ದರಂತೆ. ವಿಂಗಡಿಸಿದರೆ ಆ ವರ್ಷ ಪುಷ್ಯದ ಮಳೆಯೇ ಹೆಚ್ಚು. ಹುಡುಗಿ ಮನೆಗೆ ಹೋಗಿ ಹೇಳಿದಳು. ಅಜ್ಜಿ, "ಒಂದು ವರ್ಷದ ಮಳೆ ನೋಡಿ ಏನು ಹೇಳುತ್ತೀಯ ಮಗಳೇ?" ಎಂದರಂತೆ. ನಾನು ಹೇಳಿಕೊಡಬೇಕಾಗಿದ್ದ ಪಾಠವನ್ನು ಅಜ್ಜಿ ಹೇಳಿಬಿಟ್ಟಿದ್ದರು.

ಹೆಚ್ಚು ವರ್ಷದ ಲೆಕ್ಕ ಎಲ್ಲಿ ಸಿಗುತ್ತದೆ? ಎರಡು ಕಿಲೋಮೀಟರ್ ಆಚೆ ಅಡಿಕೆ ತೋಟದ ಅಜ್ಜರೊಬ್ಬರು ಇದ್ದಾರೆ, 1988ರಿಂದ ದಿನಾ ಮಳೆ ಬರೆದಿಟ್ಟಿದ್ದಾರೆ ಎಂದು ಮಕ್ಕಳೇ ಪತ್ತೆ ಹಚ್ಚಿದರು. ಅಡಿಕೆ ಬೆಳೆಯುವವರಿಗೆ ಈ ಲೆಕ್ಕ ಹವ್ಯಾಸದ ಮಾತಲ್ಲ. ಮಳೆ ಹಿಡಿಯುವ ಮೊದಲು ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನೇ ಸುತ್ತು ನಲವತ್ತು ನಲವತ್ತೈದು ದಿನಕ್ಕೆ. ಆ ಹೊತ್ತಿಗೆ ಒಂದೆರಡು ದಿನ ಹೊಳವಾಗದಿದ್ದರೆ ಕೊನೆಗಾರ ಮರ ಹತ್ತುವ ಹಾಗಿಲ್ಲ. ಹಾಗಾಗಿ ಅಜ್ಜರ ಪುಸ್ತಕದಲ್ಲಿ ಮಳೆಯ ಪಕ್ಕದಲ್ಲಿ ಔಷಧಿ ಹೊಡೆದ ದಿನವೂ ಇತ್ತು, ಉದುರಿದ ಕಾಯಿಯ ಮಾತೂ ಇತ್ತು. ಅವರು ಒಂದು ಮಾತೂ ಕೇಳದೆ ಪುಸ್ತಕಗಳ ಕಟ್ಟನ್ನು ಅಡಿಕೆ ಹಾಳೆಯಲ್ಲಿ ಸುತ್ತಿ ಮಕ್ಕಳ ಕೈಗೆ ಕೊಟ್ಟರು. "ಒದ್ದೆ ಮಾಡಬೇಡಿ" ಎಂದಷ್ಟೇ ಹೇಳಿದರು.

ಮೂವತ್ತೊಂದು ವರ್ಷ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವರ್ಷಕ್ಕೆ 122 ದಿನ, ಒಟ್ಟು 3,782 ಮನೆಗಳು. ಅಳತೆ ಇಂಚಿನಲ್ಲಿತ್ತು, 25.4ರಿಂದ ಗುಣಿಸುವ ಕೆಲಸವನ್ನು ಹಾಳೆಗೆ ಒಪ್ಪಿಸಿದೆವು. ಒಬ್ಬರು ಓದುವುದು, ಒಬ್ಬರು ಒತ್ತುವುದು, ಒಬ್ಬರು ಸರಿನೋಡುವುದು. ಮಳೆಗಾಲದ ಎರಡು ತಿಂಗಳು ಇದರಲ್ಲೇ ಕಳೆಯಿತು. ಇಂಥ ಕೆಲಸದಲ್ಲಿ ಯಂತ್ರ ತನ್ನ ನಿಜವಾದ ಶಕ್ತಿ ತೋರಿಸುತ್ತದೆ. ಇಷ್ಟು ಸಂಖ್ಯೆಯನ್ನು ಕೈಯಲ್ಲಿ ಯಾವ ತರಗತಿಯೂ ನಿಭಾಯಿಸಲಾರದು.

ನಕ್ಷೆ ತೆಗೆದಾಗ ಒಂದು ವರ್ಷದ ನಡುವೆ ತೆಂಗಿನ ಮರದಂತೆ ಒಂದು ಗೆರೆ ನಿಂತಿತ್ತು: ಒಂದೇ ದಿನ 635 ಮಿಲಿಮೀಟರ್. "ಇದು ಸುಳ್ಳು" ಎಂದರು ಕೆಲವರು. ಪುಸ್ತಕ ತೆರೆದು ನೋಡಿದರೆ 2.5 ಇಂಚು, ಒತ್ತುವಾಗ ಚುಕ್ಕೆ ಬಿಟ್ಟು 25 ಆಗಿತ್ತು. ಇನ್ನೊಂದು ಕಡೆ 284 ಇತ್ತು. ಅದನ್ನೂ ತಪ್ಪೆಂದು ಅಳಿಸಹೊರಟವರನ್ನು ತಡೆದು ಪುಸ್ತಕ ನೋಡಿ ಎಂದೆ. ಅಲ್ಲಿ 11.2 ಎಂದೇ ಇತ್ತು, ಕೆಳಗೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ "ತೋಟದ ಕಾಲುವೆ ಒಡೆಯಿತು". ಒಂದು ಸಂಖ್ಯೆ ವಿಚಿತ್ರವಾಗಿ ಕಂಡ ಮಾತ್ರಕ್ಕೆ ಅದು ಸುಳ್ಳಲ್ಲ, ಪರದೆಯಲ್ಲಿ ಬಂದ ಮಾತ್ರಕ್ಕೆ ನಿಜವೂ ಅಲ್ಲ, ಮೂಲಕ್ಕೆ ಹೋಗಿ ನೋಡಬೇಕು ಎಂಬುದನ್ನು ಆ ಮಕ್ಕಳು ನನ್ನ ಬಾಯಿಂದ ಕೇಳಿ ಕಲಿಯಲಿಲ್ಲ.

ನಕ್ಷತ್ರದ ಲೆಕ್ಕದಲ್ಲಿ ಹೆಚ್ಚಿನ ವರ್ಷ ಪುನರ್ವಸು, ಪುಷ್ಯಗಳೇ ಮುಂದಿದ್ದವು. ಆರ್ದ್ರಾ ಗೆದ್ದ ವರ್ಷಗಳೂ ಇದ್ದವು, ಅಜ್ಜಿಯ ಮಾತಿಗೂ ಅಷ್ಟು ಜಾಗ ಉಳಿಯಿತು.

ಒಂದು ವರ್ಷದ ಜುಲೈಯಲ್ಲಿ ಒಂಬತ್ತು ದಿನ ಪುಸ್ತಕ ಖಾಲಿ ಇತ್ತು. ಒತ್ತುತ್ತಿದ್ದ ಹುಡುಗ ಒಂಬತ್ತು ಮನೆಗೂ ಸೊನ್ನೆ ಹಾಕಿದ್ದ. ಆ ತಿಂಗಳ ಸರಾಸರಿ ದಿನಕ್ಕೆ 40.5 ಬಂತು. ಸರಿನೋಡುವ ಹುಡುಗಿ ಸೊನ್ನೆಗಳನ್ನು ಅಳಿಸಿದಳು, ಬರೆದಿದ್ದ 22 ದಿನಗಳ ಮೇಲೆ ಲೆಕ್ಕ ನಡೆದು 57 ಆಯಿತು. ಇಬ್ಬರಿಗೂ ಜಗಳ ಹತ್ತಿ ನನ್ನ ಹತ್ತಿರ ಬಂದರು. ನಾನು ತೀರ್ಪು ಕೊಡಲಿಲ್ಲ, ಅಜ್ಜರನ್ನೇ ಕೇಳಿ ಎಂದೆ. ಪುಸ್ತಕ ಹಿಂತಿರುಗಿಸಲು ಹೋದ ಸಂಜೆ ಕೇಳಿದರು. ಅಜ್ಜರು ಆ ಪುಟವನ್ನು ಸ್ವಲ್ಪ ಹೊತ್ತು ನೋಡಿದರು. "ಆಗ ನನ್ನ ಹೆಂಡತಿಯನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದೆವು" ಎಂದರು. ದಾರಿಯಲ್ಲಿ ಯಾರೂ ಮಾತನಾಡಲಿಲ್ಲ. ಗೇಟಿನ ಹತ್ತಿರ ಬಂದಾಗ ಹುಡುಗಿ ಆ ಹುಡುಗನಿಗೆ ಮೆಲ್ಲಗೆ ಹೇಳಿದಳು: "ಸೊನ್ನೆ ಹಾಕಿದರೆ ಮಳೆ ಬಂದಿಲ್ಲ ಎಂದಾಗುತ್ತದೆ. ಮಳೆ ಬಂದಿರಬಹುದು, ಅಳೆಯಲು ಅವರು ಇರಲಿಲ್ಲ." ಮರುದಿನ ಹುಡುಗನೇ ಆ ಒಂಬತ್ತು ಮನೆಗಳಿಗೆ ಹಳದಿ ಬಣ್ಣ ಹಾಕಿ ಖಾಲಿ ಬಿಟ್ಟ, ಪಕ್ಕದಲ್ಲಿ "ಅಳತೆ ಇಲ್ಲ" ಎಂದು ಬರೆದ.

ಇದಾಗಿ ಕೆಲವು ವರ್ಷವಾಯಿತು. ಅಜ್ಜರಿಗೆ ಈಗ ಕಣ್ಣು ಮಂಜಾಗಿದೆ. ಆ ದಾರಿಯಲ್ಲಿ ಬರುವ ಹತ್ತನೇ ತರಗತಿಯ ಇಬ್ಬರು ಬೆಳಿಗ್ಗೆ ಅವರ ಮನೆಗೆ ಹೋಗಿ ಮಳೆಮಾಪಕ ಓದಿ, ಅವರ ಪುಸ್ತಕದಲ್ಲಿ ಬರೆದು, ಶಾಲೆಗೆ ಬಂದು ನಮ್ಮ ಹಾಳೆಯಲ್ಲೂ ತುಂಬುತ್ತಾರೆ.

ಶಿಕಾರಿಪುರದ ಕಡೆ ನಮ್ಮಷ್ಟು ಮಳೆ ಇಲ್ಲ ಎಂದು ನನಗೆ ಗೊತ್ತು, ಮಗಳೇ. ಆದರೆ ಅಲ್ಲಿ ಕೆರೆಗಳಿವೆ, ಮೆಕ್ಕೆಜೋಳವಿದೆ, ಮಂಡಿಯ ದರವಿದೆ, ಹಾಲಿನ ಡೇರಿಯ ಪುಸ್ತಕವಿದೆ. ಯಂತ್ರಗಳು ಬರುವ ಮೊದಲೇ ಮಕ್ಕಳನ್ನು ಕೇಳಿಡು, ಯಾರ ಮನೆಯಲ್ಲಿ ಯಾರು ಏನನ್ನು ಬರೆದಿಡುತ್ತಾರೆ ಎಂದು. ನಮ್ಮ ಹಾಳೆಯ ಪ್ರತಿ ಬೇಕಾದರೆ ಪೆನ್‌ಡ್ರೈವ್ ಹಿಡಿದುಕೊಂಡು ಒಮ್ಮೆ ಬಂದು ಹೋಗು. ಇಲ್ಲಿಂದ ಕಳಿಸಲು ನೆಟ್‌ವರ್ಕ್ ಸಾಲುವುದಿಲ್ಲ. ಆಗಸ್ಟ್ ಕಳೆದ ಮೇಲೆ ಬಾ, ಅಷ್ಟರೊಳಗೆ ಬಂದರೆ ಮಾತು ಕೇಳಿಸುವುದಿಲ್ಲ.